ಐವತ್ತು ಸೆಂಟಿನ ಮಾತು

ಇಂದು ಮಧ್ಯಾಹ್ನ ಅಮೆರಿಕದ ನಾಟಕಕಾರ್ತಿ ಲೊರೇನ್ ಹ್ಯಾನ್ಸ್‌ಬೆರಿಯವರ ‘ಎ ರೈಸಿನ್ ಇನ್ ದ ಸನ್’ ನಾಟಕವನ್ನು ಮತ್ತೆ ಕೈಗೆತ್ತಿಕೊಂಡೆ. ಮೊದಲ ದೃಶ್ಯವನ್ನು ದಾಟಿ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಷಿಕಾಗೋದ ಇಕ್ಕಟ್ಟಾದ ಮನೆಯೊಂದರಲ್ಲಿ ಬೆಳಗಿನ ಹೊತ್ತು. ಶಾಲೆಗೆ 50 ಸೆಂಟು ಬೇಕೆಂದು ಕೇಳಿದ ಮಗನಿಗೆ ರೂತ್ ಇಲ್ಲವೆನ್ನುತ್ತಾಳೆ. ಅವಳ ಗಂಡ ವಾಲ್ಟರ್ ಲೀ ಹೆಂಡತಿಯನ್ನೇ ದಿಟ್ಟಿಸುತ್ತ ಅಷ್ಟನ್ನೂ ಕೊಟ್ಟು, ಅದು ಸಾಲದೆಂಬಂತೆ ಇನ್ನೂ 50 ಸೆಂಟನ್ನು ಹುಡುಗನ ಕೈಗಿಡುತ್ತಾನೆ. ಆಮೇಲೆ ಕೆಲಸಕ್ಕೆ ಹೊರಟವನು ಹಿಂದಿರುಗಿ ಬಂದು, ಪ್ರಯಾಣಕ್ಕೆ ಕಾಸಿಲ್ಲವೆಂದು ಅದೇ ಹೆಂಡತಿಯನ್ನು ಕೇಳಬೇಕಾಗುತ್ತದೆ.

ಇಬ್ಬರಲ್ಲಿ ಯಾರನ್ನೂ ತಪ್ಪೆನ್ನಲು ನನ್ನಿಂದಾಗದು. ಮನೆಯ ಲೆಕ್ಕ ರೂತ್‌ಗೆ ಗೊತ್ತು. ಇನ್ನೊಬ್ಬರ ಕಾರು ಓಡಿಸಿ ಬದುಕುವ ವಾಲ್ಟರ್‌ಗೆ ತನ್ನ ಮಗನ ಕಿವಿಗೆ ‘ಇಲ್ಲ’ ಎಂಬ ಮಾತು ಬೀಳುವುದನ್ನು ಸಹಿಸಲಾಗದು. ಮುಂದೆ ವಾಲ್ಟರ್‌ನ ತೀರಿಹೋದ ತಂದೆಯ ವಿಮೆಯ 10,000 ಡಾಲರ್ ಬಂದಾಗ, ಮನೆ ಕೊಳ್ಳಬಯಸುವ ತಾಯಿ ಲೀನಾಗೂ ಮದ್ಯದಂಗಡಿಯ ಕನಸು ಕಾಣುವ ಮಗನಿಗೂ ನಡೆಯುವ ಸಂಘರ್ಷವು, ನನ್ನ ದೃಷ್ಟಿಯಲ್ಲಿ, ಈ ನಾಣ್ಯದ ಜಗಳವೇ ಬೆಳೆದು ನಿಂತ ರೂಪ. ತಂಗಿ ಬೆನೀತಾಳ ವೈದ್ಯಕೀಯ ಓದಿಗೆಂದು ಮೀಸಲಿಡಬೇಕಾದ ಹಣವೂ ಆ ಅಂಗಡಿಯ ಕನಸಿನಲ್ಲೇ ಕರಗಿಹೋಗುತ್ತದೆ.

1959ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯನ್ನು ಏರಿದ ಈ ನಾಟಕದ ಬಗ್ಗೆ ಮಾತಾಡುವಾಗ ಎಲ್ಲರೂ ವಾಲ್ಟರ್‌ನ ದೀರ್ಘ ಮಾತುಗಳನ್ನು ನೆನೆಯುತ್ತಾರೆ. ನನಗೆ ರೂತ್ ಹೆಚ್ಚು ಹತ್ತಿರದವಳು: ಅಷ್ಟು ಕಹಿಯಾದ ಬೆಳಗಿನಲ್ಲೂ ಅವಳು ಗಂಡನನ್ನು ಹಂಗಿಸದೆ, ಟ್ಯಾಕ್ಸಿಯಲ್ಲೇ ಹೋಗು ಎಂದು ಅಕ್ಕರೆಯಿಂದ ಛೇಡಿಸಿ ಹಣ ಕೊಡುತ್ತಾಳೆ.