ಅರಣ್ಯಕಾಂಡ ಓದಿಸಿದ ಮೇಷ್ಟ್ರು

ನಮ್ಮ ಮೇಷ್ಟ್ರು ಕರ್ತನಲ್ಲಿ ನಿದ್ರೆಹೋದರೆಂಬ, ಅಂದರೆ ತೀರಿಕೊಂಡರೆಂಬ ಸುದ್ದಿ ಬಂದ ದಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಬರೆದದ್ದು ಅವರ ಸಂಜೆಯ ಬೈಬಲ್ ಅಧ್ಯಯನದ ಬಗ್ಗೆಯೇ. ತರಗತಿಯಲ್ಲಿ ಅವರು ಕಲಿಸುತ್ತಿದ್ದದ್ದು ಇತಿಹಾಸ. ಒಬ್ಬ ರಾಜನ ಪಾಠವೂ ನಮಗ್ಯಾರಿಗೂ ನೆನಪಿಲ್ಲ. ಹಾಸ್ಟೆಲಿನ ಊಟದ ಕೋಣೆಯ ಉದ್ದನೆಯ ಮೇಜಿನ ಸುತ್ತ ಕೂತು ಓದಿದ ಅಧ್ಯಾಯಗಳು, ಅವರು ಪೆನ್ಸಿಲ್ ತುದಿಯಿಂದ ಸಾಲು ತೋರಿಸುತ್ತಾ ಕೇಳಿದ ಪ್ರಶ್ನೆಗಳು ಮಾತ್ರ ಇವತ್ತಿಗೂ ಬಾಯಲ್ಲಿವೆ.

ಪ್ರಶ್ನೆಗಳು ಮೂರೇ. ಇಲ್ಲಿ ಏನು ಬರೆದಿದೆ? ಯಾರಿಗೆ, ಯಾಕೆ ಬರೆದದ್ದು? ಇದನ್ನು ಓದಿದ ನೀನು ನಾಳೆ ಏನು ಮಾಡುತ್ತೀ? ಮೊದಲನೆಯದನ್ನು ಬಿಟ್ಟು ಮೂರನೆಯದಕ್ಕೆ ಹಾರಿದವನನ್ನು ಮತ್ತೆ ಮೊದಲಿನಿಂದ ಓದಿಸುತ್ತಿದ್ದರು. ಬೆರೋಯದವರೆಂದರೆ ಅವರಿಗೆ ಬಲು ಪ್ರೀತಿ. ಯೇಸುವಿನ ಅಪೊಸ್ತಲನಾದ ಪೌಲನಂಥ ಪೌಲನೇ ಬಂದು ಬೋಧಿಸಿದರೂ ಆ ಊರಿನವರು ಅದು ಹೌದೋ ಅಲ್ಲವೋ ಎಂದು ದಿನಾಲೂ ಶಾಸ್ತ್ರ ತೆರೆದು ನೋಡಿದರು. ಅಪೊಸ್ತಲರ ಕೃತ್ಯಗಳು 17ರ 11ನೇ ವಚನ. "ನನ್ನ ಮಾತನ್ನೂ ಹಂಗೇ ತೆರೆದು ನೋಡ್ರಪ್ಪಾ" ಎನ್ನುತ್ತಿದ್ದರು. ಹುಡುಗರಿಗೆ ಹೀಗೆ ಹೇಳುವ ಧೈರ್ಯ ಎಷ್ಟು ಮೇಷ್ಟ್ರುಗಳಿಗಿರುತ್ತದೆ?

ಬೆಳಗಿನ ಪ್ರಾರ್ಥನೆಯಲ್ಲಿ ಸರದಿಯಂತೆ ಒಬ್ಬರು ವಾಕ್ಯ ಓದಬೇಕಿತ್ತು. ಓದುವ ಪುಟಕ್ಕೆ ಕೆಂಪು ರಿಬ್ಬನ್ ಇಟ್ಟಿರುತ್ತಿತ್ತು. ಒಂದು ದಿನ ನಾವು ಕೆಲವರು ಸೇರಿ ಕೀರ್ತನೆಗಳ ಪುಸ್ತಕದಲ್ಲಿದ್ದ ಆ ರಿಬ್ಬನ್ನನ್ನು ಬೈಬಲಿನ ನಾಲ್ಕನೆಯ ಪುಸ್ತಕವಾದ ಅರಣ್ಯಕಾಂಡದ 7ನೇ ಅಧ್ಯಾಯಕ್ಕೆ ಎಳೆದಿಟ್ಟೆವು. 89 ವಚನಗಳ ಅಧ್ಯಾಯ ಅದು. ಯಜ್ಞವೇದಿಯ ಪ್ರತಿಷ್ಠೆಗೆ ಇಸ್ರಾಯೇಲರ ಹನ್ನೆರಡು ಕುಲಗಳ ಮುಖ್ಯಸ್ಥರು ದಿನಕ್ಕೊಬ್ಬರಂತೆ ಕಾಣಿಕೆ ತರುತ್ತಾರೆ. 130 ಶೆಕೆಲ್ ತೂಕದ ಬೆಳ್ಳಿಯ ತಟ್ಟೆ, 70 ಶೆಕೆಲ್ ತೂಕದ ಬೆಳ್ಳಿಯ ಬೋಗುಣಿ, 10 ಶೆಕೆಲ್ ತೂಕದ ಚಿನ್ನದ ಪಾತ್ರೆಯ ತುಂಬ ಧೂಪ. ಹನ್ನೆರಡು ಮಂದಿಯದೂ ಅದೇ ಕಾಣಿಕೆ, ಹನ್ನೆರಡು ಸಲವೂ ಪೂರ್ತಿ ವಿವರ. ಪಾಪ, ಆ ಹುಡುಗನಿಗೆ ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯಲಿಲ್ಲ. ಮೂರನೆಯ ಬೆಳ್ಳಿ ತಟ್ಟೆಗೆ ಹಿಂದಿನ ಸಾಲು ನಕ್ಕಿತು, ಐದನೆಯದಕ್ಕೆ ಅಧ್ಯಾಪಕರೂ ತುಟಿ ಕಚ್ಚಿಕೊಂಡರು. ಮೇಷ್ಟ್ರು ಕಣ್ಣುಮುಚ್ಚಿ ಕೇಳುತ್ತಲೇ ಇದ್ದರು. ಕೊನೆಗೆ ಗಂಟೆ ಹೊಡೆದು ಅವನನ್ನು ಬಿಡಿಸಿತು.

ಸಂಜೆ, ಯಾರ ಕೆಲಸ ಇದು ಎಂದು ಅವರು ಕೇಳಲೇ ಇಲ್ಲ. "ಬೆಳಿಗ್ಗೆ ಅರ್ಧಕ್ಕೆ ನಿಂತಿದೆ, ತೆಗೀರಿ" ಎಂದು ಕೊನೆಯವರೆಗೂ ಓದಿಸಿದರು. ಆಮೇಲೆ ಕೇಳಿದರು: "ಎರಡನೆಯವನಿಂದ 'ಮೇಲಿನಂತೆಯೇ' ಅಂತ ಬರೆದು ಮುಗಿಸಬಹುದಿತ್ತಲ್ಲ, ಯಾಕೆ ಬರೀಲಿಲ್ಲ?" ಎಲ್ಲರಿಗಿಂತ ಚಿಕ್ಕವನೊಬ್ಬ ಮೆಲ್ಲಗೆ, "ಹನ್ನೆರಡನೇ ದಿನ ಬಂದವನಿಗೆ ಬೇಜಾರಾಗ್ತಿತ್ತು ಸಾರ್" ಎಂದ. ಮೇಷ್ಟ್ರು ಎದ್ದು ಮೇಜು ಸುತ್ತಿಬಂದು ಅವನ ತಲೆ ಸವರಿದರು. ನಫ್ತಾಲಿ ಕುಲದ ಅಹೀರ ಕೊನೆಯ ದಿನ ತಂದ ತಟ್ಟೆಯನ್ನೂ ದೇವರು ತೂಕಸಹಿತ ಬರೆಸಿಟ್ಟಿದ್ದಾನೆ ಎಂಬುದು ಆ ಸಂಜೆ ನನ್ನೊಳಗೆ ಇಳಿಯಿತು. ಅಲ್ಲಿಯವರೆಗೆ ನನ್ನ ಪ್ರಾರ್ಥನೆ ಎಂದರೆ ಎಲ್ಲರೂ ಹೇಳುವುದನ್ನು ಎಲ್ಲರ ಜೊತೆ ಹೇಳುವುದಾಗಿತ್ತು. ಅವತ್ತು ರಾತ್ರಿ ಮೊದಲ ಸಲ ನನ್ನದೇ ಮಾತಿನಲ್ಲಿ ಪ್ರಾರ್ಥಿಸಿದೆ.

ಮುಂದೆ ನನ್ನ ತಾಯಿ ತೀರಿಕೊಂಡಾಗ ಆ ಪ್ರಾರ್ಥನೆಯೂ ನಿಂತುಹೋಯಿತು. ಅಧ್ಯಯನಕ್ಕೆ ಹೋಗುತ್ತಿದ್ದೆ, ಬಾಯಿ ತೆರೆಯುತ್ತಿರಲಿಲ್ಲ. ದೇವರ ಚಿತ್ತ, ಸಮಾಧಾನ ಮಾಡಿಕೋ ಎಂದು ಮೇಷ್ಟ್ರು ಹೇಳಲಿಲ್ಲ. 88ನೇ ಕೀರ್ತನೆ ತೆಗೆಸಿದರು. ಕೀರ್ತನೆಗಳಲ್ಲಿ ಅಳುವವನು ಸಾಮಾನ್ಯವಾಗಿ ಕೊನೆಯ ಹೊತ್ತಿಗೆ ಸ್ತುತಿಗೆ ತಿರುಗುತ್ತಾನೆ. ಇದರಲ್ಲಿ ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅವನು ಮೊದಲಿನಿಂದ ಕೊನೆಯವರೆಗೆ ಮಾತಾಡುತ್ತಿರುವುದು ದೇವರೊಂದಿಗೇ. ಇಂಥದ್ದಕ್ಕೂ ಸತ್ಯವೇದದಲ್ಲಿ ಜಾಗವಿದೆಯೆಂದು ಕಂಡದ್ದು ನನ್ನನ್ನು ಉಳಿಸಿತು. ಆ ತಿಂಗಳುಗಳಲ್ಲಿ ನನ್ನ ಪಾಲಿನ ಪ್ರಾರ್ಥನೆಯನ್ನು ನಮ್ಮ ಚರ್ಚಿನ ಸಭೆಯವರು ಮಾಡಿದರು. ಭಾನುವಾರ ಆರಾಧನೆ ಮುಗಿದ ಮೇಲೆ ಮೇಷ್ಟ್ರ ಮನೆಯ ಅಮ್ಮಾವರು ನನ್ನ ಪಕ್ಕ ಬಂದು ಕೂರುತ್ತಿದ್ದರು, ಹೆಚ್ಚೇನೂ ಮಾತಾಡುತ್ತಿರಲಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೇ ಅಧ್ಯಾಯದಲ್ಲಿ ಪೌಲನು ರೂಫನ ತಾಯಿಗೆ ವಂದನೆ ಹೇಳುತ್ತಾ ಆಕೆ ನನಗೂ ತಾಯಿ ಎನ್ನುತ್ತಾನೆ. ಬರೀ ಹೆಸರುಗಳೆಂದು ಜನ ದಾಟಿಹೋಗುವ ಆ ಅಧ್ಯಾಯವನ್ನು ನಾನು ಇವತ್ತಿಗೂ ನಿಧಾನವಾಗಿ ಓದುತ್ತೇನೆ.

ಈಗ ಬೆಳಗಾದರೆ ಮೊಬೈಲಿಗೆ ಒಂದು ವಚನ ಬರುತ್ತದೆ, ಹಿಂದಿಲ್ಲ, ಮುಂದಿಲ್ಲ. ಪರೀಕ್ಷೆ ಬಂತೆಂದರೆ ಮಕ್ಕಳ ರೈಟಿಂಗ್ ಪ್ಯಾಡಿನ ಮೇಲೆ ಬೈಬಲಿನ ಫಿಲಿಪ್ಪಿ ಪತ್ರಿಕೆಯ 4:13. ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನೆಂದು ಪೌಲ ಬರೆದದ್ದು ಸೆರೆಯಲ್ಲಿದ್ದಾಗ. ಅದರ ಹಿಂದಿನ ವಚನದಲ್ಲಿ ಹಸಿದಿರುವುದನ್ನೂ ಕೊರತೆಯನ್ನೂ ಕಲಿತಿದ್ದೇನೆ ಎನ್ನುತ್ತಾನೆ. 12ನ್ನು ಓದದೆ 13ನ್ನು ಅಂಟಿಸಿಕೊಂಡ ಮಗು ಅಂಕ ಕಡಿಮೆ ಬಂದ ದಿನ ಏನನ್ನು ನಂಬಬೇಕು? ಸಂಜೆಯ ಹೊತ್ತೆಲ್ಲ ಟ್ಯೂಷನ್ನಿಗೆ ಹೋಗಿದೆ. ಒಟ್ಟಿಗೆ ಕೂತು ಒಂದು ಅಧ್ಯಾಯವನ್ನು ಕೊನೆಯವರೆಗೆ ಓದಲು ಶಾಲೆಗಳ ವೇಳಾಪಟ್ಟಿಯಲ್ಲಿ ಜಾಗ ಉಳಿದಿಲ್ಲ, ಇದು ನನಗೆ ನಿಜಕ್ಕೂ ಸಂಕಟ.

ನಮ್ಮ ಸಭೆಯ ವಾರದ ಅಧ್ಯಯನವನ್ನು ಈಗ ನಾನೇ ನಡೆಸುತ್ತೇನೆ. ಮೇಷ್ಟ್ರ ಅದೇ ಮೂರು ಪ್ರಶ್ನೆ, ಕೈಯಲ್ಲಿ ಪೆನ್ಸಿಲ್. ಬರುವವರ ಸಂಖ್ಯೆ ಹೆಚ್ಚುತ್ತಲೇ ಇದೆ. ಒಮ್ಮೆ ಅವರೇ ಹಿಂದೆ ಕೂತು ಪೂರ್ತಿ ಕೇಳಿ, "ಪರವಾಗಿಲ್ಲ ಕಣೋ, ಓದಿಸ್ತೀಯ" ಎಂದಿದ್ದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನ್ನ ಬಳಿ ಇಲ್ಲ.

ಈ ಸಂಚಿಕೆ ಓದುವ ಹಾಸ್ಟೆಲಿನ ಮಕ್ಕಳಿಗೆ ಒಂದು ಮಾತು. ಸಂಜೆಯ ಅಧ್ಯಯನ ಮತ್ತೆ ಶುರುಮಾಡುವ ಮನಸ್ಸಿದ್ದರೆ ವಾರ್ಡನ್ನರ ಮೂಲಕ ತಿಳಿಸಿ, ನಾನು ಬರುತ್ತೇನೆ. ಪೌಲ ಫಿಲೆಮೋನನಿಗೆ ಬರೆದ ಪತ್ರಿಕೆಯಿಂದ ಆರಂಭಿಸೋಣ. ಒಂದೇ ಅಧ್ಯಾಯ, 25 ವಚನ, ಒಂದು ಸಂಜೆಗೆ ಸರಿಹೋಗುತ್ತದೆ. ಬರುವಾಗ ಪೆನ್ಸಿಲ್ ತನ್ನಿ.