ಜಾಗ ಇಲ್ಲ ಅಂತ ತೆಗೆದ ನಾಲ್ಕು ಸಾಲು

ಹುಬ್ಬಳ್ಳಿಯ ಒಂದು ದಿನಪತ್ರಿಕೆಯ ಕ್ರೀಡಾ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಇಪ್ಪತ್ತು ವರ್ಷ ಆಯಿತು. ನಮ್ಮ ಮನೆಯವರ ಲೆಕ್ಕದಲ್ಲಿ ಇದು ಸಂಬಳ ತಗೊಂಡು ಟಿವಿ ನೋಡುವ ಕೆಲಸ. ಅವರದ್ದು ಪೂರ್ತಿ ತಪ್ಪು ಅಂತಲೂ ಹೇಳೋಕಾಗಲ್ಲ.

2005ರ ಮೇ ತಿಂಗಳು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಮೇ 15, ಭಾನುವಾರ. ಕ್ರಿಕೆಟ್ ಇಲ್ಲದ ದಿನ. ಕ್ರಿಕೆಟ್ ಇಲ್ಲದ ದಿನ ಕ್ರೀಡಾಪುಟ ಅನ್ನೋದು ಮದುವೆ ಮುಗಿದ ಮಾರನೇ ದಿನದ ಮಂಟಪ ಇದ್ದ ಹಾಗೆ. ಏನು ಹಾಕಿದರೂ ಖಾಲಿ ಕಾಣುತ್ತೆ. ಅವತ್ತು ಇಂಗ್ಲೆಂಡಿನ ದೊಡ್ಡ ಫುಟ್‌ಬಾಲ್ ಲೀಗ್ ಆದ ಪ್ರೀಮಿಯರ್ ಲೀಗ್‌ನ ಕೊನೆಯ ದಿನ ಇತ್ತು. ಪುಟದ ಮೇಲ್ಭಾಗ ಅದಕ್ಕೇ ಸಿಕ್ಕಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಆ ಲೀಗ್‌ನಲ್ಲಿ 20 ತಂಡ, ಪ್ರತಿ ತಂಡಕ್ಕೂ 38 ಪಂದ್ಯ. ಗೆದ್ದರೆ 3 ಅಂಕ, ಡ್ರಾ ಆದರೆ 1. ಕೊನೆಯ ಮೂರು ತಂಡಗಳನ್ನು ಕೆಳಗಿನ ಲೀಗ್‌ಗೆ ತಳ್ಳುತ್ತಾರೆ. ತಳ್ಳಿದರೆ ಟಿವಿ ದುಡ್ಡು ಹೋಗುತ್ತೆ, ಒಳ್ಳೆ ಆಟಗಾರರು ಹೋಗುತ್ತಾರೆ, ಆಫೀಸಿನಲ್ಲಿ ಟೈಪ್ ಮಾಡುವವರ ಕೆಲಸವೂ ಹೋಗಬಹುದು. 2014ರಲ್ಲಿ ಶುರುವಾದ ನಮ್ಮ ಇಂಡಿಯನ್ ಸೂಪರ್ ಲೀಗ್‌ನಲ್ಲಿ ವರ್ಷಗಟ್ಟಲೆ ಈ ಭಯವೇ ಇರಲಿಲ್ಲ. ಹಾಗಾಗಿ ಇದಕ್ಕೆ ಕನ್ನಡದಲ್ಲಿ ಒಂದು ಪದ ಹುಡುಕೋದೂ ಕಷ್ಟ. ನಾವು 'ಹಿಂಬಡ್ತಿ' ಅಂತ ಹಾಕುತ್ತೇವೆ. ಹೆಡ್ಡಿಂಗ್ ಓದಿದವರಿಗೆ ಯಾವುದೋ ಗುಮಾಸ್ತರ ಮೇಲೆ ಇಲಾಖಾ ವಿಚಾರಣೆ ಆದ ಹಾಗೆ ಅನಿಸುತ್ತೆ. ಆದರೂ ಎರಡು ಕಾಲಂನಲ್ಲಿ ಕೂರುವ ಪದ ಅದೊಂದೇ.

ಅವತ್ತು ನಾಲ್ಕು ತಂಡ ಕುತ್ತಿಗೆವರೆಗೆ ನೀರಲ್ಲಿದ್ದವು. ನಾರಿಚ್ 33 ಅಂಕ, ಸೌತಾಂಪ್ಟನ್ 32, ಕ್ರಿಸ್ಟಲ್ ಪ್ಯಾಲೇಸ್ 32, ಎಲ್ಲರಿಗಿಂತ ಕೆಳಗೆ ವೆಸ್ಟ್ ಬ್ರಾಮ್ 31. ಉಳಿಯೋದು ಒಂದೇ. ನಾಲ್ಕೂ ಪಂದ್ಯ ಒಟ್ಟಿಗೇ ಶುರು. ಟಿವಿಯ ಕೆಳಗಿನ ಪಟ್ಟಿಯಲ್ಲಿ ಸ್ಕೋರು ಓಡುತ್ತಿತ್ತು, ಏಜೆನ್ಸಿ ಕಾಪಿ ತುಂಡು ತುಂಡಾಗಿ ಬರುತ್ತಿತ್ತು.

ನಮ್ಮ ಕಷ್ಟ ಬೇರೆ. ಮುಖಪುಟ ಕೊನೆಗೆ ಹೋಗುತ್ತೆ. ಒಳಗಿನ ಪುಟಗಳು, ಅದರಲ್ಲೂ ಹೊರಗಿನ ಊರುಗಳಿಗೆ ಹೋಗುವ ಡಾಕ್ ಎಡಿಷನ್ನಿನ ಕ್ರೀಡಾಪುಟ, ಮೊದಲೇ ಹೋಗಬೇಕು. ಹಾವೇರಿ, ರಾಣೆಬೆನ್ನೂರು, ಗದಗ ಕಡೆಯ ಗಾಡಿ ಯಾರಿಗೂ ಕಾಯಲ್ಲ. ಪ್ಯಾಲೇಸ್ 71ನೇ ನಿಮಿಷದಲ್ಲಿ ಪೆನಾಲ್ಟಿ ಹೊಡೆದು ಚಾರ್ಲ್ಟನ್ ಮೇಲೆ 2–1 ಮುಂದೆ ಹೋಯಿತು. ವೆಸ್ಟ್ ಬ್ರಾಮ್ ಕೂಡ ಪೋರ್ಟ್ಸ್‌ಮತ್ ಮೇಲೆ ಮುಂದಿತ್ತು. ಆದರೆ ಪ್ಯಾಲೇಸ್ ಗೆದ್ದರೆ 35, ವೆಸ್ಟ್ ಬ್ರಾಮ್ ಗೆದ್ದರೂ 34. ಅಂದರೆ ಮುಗೀತು. ಪುಟ ಕಟ್ಟುವ ಹುಡುಗ ಗಡಿಯಾರ ತೋರಿಸಿದ. ನಾನು ಹೆಡ್ಡಿಂಗ್ ಕೊಟ್ಟೆ: 'ಉಳಿದ ಪ್ಯಾಲೇಸ್, ವೆಸ್ಟ್ ಬ್ರಾಮ್‌ಗೆ ಹಿಂಬಡ್ತಿ'. ಪುಟ ಬಿಟ್ಟೆವು.

82ನೇ ನಿಮಿಷದಲ್ಲಿ ಚಾರ್ಲ್ಟನ್ ಗೋಲು ಹೊಡೆಯಿತು. 2–2.

ಆ ಹೊತ್ತಿಗೆ ನಾನು ಕೆಳಗೆ ಚಹಾ ಅಂಗಡಿಯಲ್ಲಿದ್ದೆ. ಮಿರ್ಚಿ ಕೈಯಲ್ಲಿತ್ತು. ಮೇಲೆ ಬಂದು ನೋಡಿದರೆ ಟಿವಿಯಲ್ಲಿ ವೆಸ್ಟ್ ಬ್ರಾಮ್‌ನ ಜನ ಮೈದಾನದೊಳಗೆ ನುಗ್ಗಿ ಕುಣಿಯುತ್ತಿದ್ದಾರೆ. ಅವರು ಪೋರ್ಟ್ಸ್‌ಮತ್ ಮೇಲೆ 2–0 ಗೆದ್ದು 34 ಅಂಕ ಮಾಡಿ ಉಳಿದಿದ್ದರು. ಕ್ರಿಸ್‌ಮಸ್ ದಿನ ಪಟ್ಟಿಯ ಕೊನೆಯಲ್ಲಿದ್ದ ತಂಡ ಪ್ರೀಮಿಯರ್ ಲೀಗ್‌ನಲ್ಲಿ ಉಳಿದದ್ದು ಅದೇ ಮೊದಲು. ಸೋತ ಪೋರ್ಟ್ಸ್‌ಮತ್‌ನ ಅಭಿಮಾನಿಗಳೂ ಖುಷಿಯಲ್ಲಿದ್ದರು, ಯಾಕಂದ್ರೆ ಅವರ ಪಕ್ಕದೂರಿನ ಶತ್ರು ಸೌತಾಂಪ್ಟನ್ ಕೆಳಗಿಳಿದಿತ್ತು. ನಮ್ಮ ಡಾಕ್ ಎಡಿಷನ್ ಮಾತ್ರ ಆಗಲೇ ಪ್ರೆಸ್‌ನಲ್ಲಿ ಓಡುತ್ತಿತ್ತು.

ಸಿಟಿ ಎಡಿಷನ್ ಸರಿ ಮಾಡಿದೆ. ಅವಸರದಲ್ಲಿ ಹೊಸ ಇಂಟ್ರೋ ಬರೆದೆ. 'ಬದಲಿ ಆಟಗಾರನಾಗಿ ಬಂದು ಮೊದಲ ಸ್ಪರ್ಶದಲ್ಲೇ ಜೆಫ್ ಹಾರ್ಸ್‌ಫೀಲ್ಡ್ ಹೊಡೆದ ಗೋಲು ತಂಡದ ಹಣೆಬರಹಕ್ಕೆ ತಿರುವು ನೀಡಿತು'. ಬರೆದಾಗ ಬಹಳ ಚೆನ್ನಾಗಿದೆ ಅನಿಸಿತ್ತು.

ಗದಗದಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಯಾರು ಓದ್ತಾರೆ ಅಂತ ಧೈರ್ಯ ಮಾಡಿಕೊಂಡು ಮಲಗಿದ್ದೆ. ಬೆಳಿಗ್ಗೆ ಗದಗದಿಂದಲೇ ಫೋನ್ ಬಂತು. ಒಬ್ಬ ಪಿ.ಟಿ. ಮಾಸ್ತರರು. "ನಿಮ್ಮ ಪೇಪರಿನ್ಯಾಗ ಒಂದ ತಂಡ ಉಳದೈತಿ, ಟಿವಿ ಒಳಗ ಇನ್ನೊಂದು. ನಾ ಹುಡುಗ್ರಿಗೆ ಯಾವುದು ಹೇಳ್ಲಿ?" ಅಂದರಂತೆ.

ಸಂಜೆ ಡೆಸ್ಕ್‌ಗೆ ಹೋದೆ. ನಮ್ಮ ಹಿರಿಯ ಉಪಸಂಪಾದಕರು ಆಗಲೇ ಕೂತಿದ್ದರು. ಧಾರವಾಡದಿಂದ ದಿನಾ ಬಸ್ಸಿಗೆ ಬರುವವರು. ಎರಡೂ ಎಡಿಷನ್ ಪಕ್ಕಪಕ್ಕ ಹರಡಿಕೊಂಡಿದ್ದರು. ಬೈತಾರೆ ಅಂತ ನಿಂತೇ ಇದ್ದೆ.

"ಹೆಡ್ಡಿಂಗ್ ತಪ್ಪಾತು, ತಿದ್ದಿದಿ. ಅದು ಆಗ್ತೈತಿ. ಇನ್ನೊಮ್ಮೆ ಆಟ ನಡದಾಗ ಪುಟ ಬಿಡೂದಿದ್ರ 'ಸನಿಹದಲ್ಲಿ' ಅಂತ ಒಂದ್ ಶಬ್ದ ಹಾಕು, ಜೀವ ಉಳೀತೈತಿ. ಆದ್ರ ತಮ್ಮಾ, ಇದೇನು? ಹಾರ್ಸ್‌ಫೀಲ್ಡ್ ತಿರುವು ನೀಡಿದಾ ಅಂತ ಬರದಿಯಲ್ಲ, ಹೆಂಗ?"

"ಆ ಗೋಲು ಬಂದ ಮ್ಯಾಲೇ ಗೆದ್ರಲ್ರೀ ಸರ್."

"ಹೋಗಿ ಫೈಲ್ ತಗೊಂಡ ಬಾ. ಹಿಂದಿನ ಭಾನುವಾರದ್ದು."

ಲೈಬ್ರರಿಯಿಂದ ಮೇ 8ರ ಪೇಪರ್ ತಂದೆ. ಅವರು ಕೊನೆಯ ಅಂಕಪಟ್ಟಿಯನ್ನು ಒಂದು ನ್ಯೂಸ್‌ಪ್ರಿಂಟ್ ಚೂರಿನ ಮೇಲೆ ಬರೆದರು. ವೆಸ್ಟ್ ಬ್ರಾಮ್ 34, ಪ್ಯಾಲೇಸ್ 33, ನಾರಿಚ್ 33, ಸೌತಾಂಪ್ಟನ್ 32. ಪಕ್ಕದಲ್ಲಿ ಗೋಲು ವ್ಯತ್ಯಾಸ, ಅಂದರೆ ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟ ಗೋಲು ಕಳೆದದ್ದು. ವೆಸ್ಟ್ ಬ್ರಾಮ್‌ಗೆ ಮೈನಸ್ 25, ಪ್ಯಾಲೇಸ್‌ಗೆ ಮೈನಸ್ 21. ಆಮೇಲೆ 34ರ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿದರು.

"ಇದರಾಗ ಒಂದ್ ಅಂಕ ತಗದ್ರ?"

33. ಪ್ಯಾಲೇಸ್‌ಗೂ 33. ಗೋಲು ವ್ಯತ್ಯಾಸದಲ್ಲಿ ಪ್ಯಾಲೇಸ್ ಮುಂದೆ. ವೆಸ್ಟ್ ಬ್ರಾಮ್ ಮುಳುಗಿತು.

"ಈಗ ಹೇಳು, ಯಾರೂ ಲೆಕ್ಕಕ್ಕ ಹಿಡೀದ ಒಂದ್ ಅಂಕ ಇವರಿಗೆ ಎಲ್ಲಿ ಸಿಕ್ತು?"

ಮೇ 8ರ ಪುಟದಲ್ಲಿತ್ತು. ಹಿಂದಿನ ದಿನ, ಶನಿವಾರ, ವೆಸ್ಟ್ ಬ್ರಾಮ್ ಓಲ್ಡ್ ಟ್ರಾಫರ್ಡ್‌ಗೆ ಹೋಗಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ 1–1 ಡ್ರಾ ಮಾಡಿಕೊಂಡಿತ್ತು. ಗೋಲ್‌ಕೀಪರ್‌ಗೆ ಪೆಟ್ಟಾಗಿ, ಬದಲಿಗೆ ಬಂದ ಪೋಲೆಂಡಿನ ಟೊಮಾಶ್ ಕುಶ್ಚಾಕ್ ಬಂದ ಚೆಂಡನ್ನೆಲ್ಲ ತಡೆದಿದ್ದ. ರಾಬರ್ಟ್ ಅರ್ನ್‌ಶಾ ಪೆನಾಲ್ಟಿ ಹೊಡೆದಿದ್ದ. ನಮ್ಮ ಪೇಪರಿನಲ್ಲಿ ಅದು ಐದು ಸಾಲು, 'ಯುನೈಟೆಡ್‌ಗೆ ನಿರಾಸೆ' ಅಂತ. ಎಡಿಟ್ ಮಾಡಿದವನು ನಾನೇ. ವೆಸ್ಟ್ ಬ್ರಾಮ್‌ಗೆ ಏನಾಯಿತು ಅಂತ ಯೋಚನೆ ಕೂಡ ಮಾಡಿರಲಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅದೇ ಶನಿವಾರ ಪ್ಯಾಲೇಸ್ ತನ್ನ ಮನೆಯಂಗಳದಲ್ಲಿ ಸೌತಾಂಪ್ಟನ್ ಮೇಲೆ 2–1 ಮುಂದಿತ್ತು. ಹೆಚ್ಚುವರಿ ಸಮಯದಲ್ಲಿ ಗೋಲು ಬಿಟ್ಟುಕೊಟ್ಟು 2–2 ಆಯಿತು. ಎರಡು ಅಂಕ ಹೋಯಿತು. ಅವು ಇದ್ದಿದ್ದರೆ ಪ್ಯಾಲೇಸ್ 35 ಮಾಡಿ ಉಳಿದುಬಿಡುತ್ತಿತ್ತು. ಕೊನೆಯ ದಿನ ವೆಸ್ಟ್ ಬ್ರಾಮ್ ಹತ್ತು ಗೋಲು ಹೊಡೆದರೂ ಉಪಯೋಗ ಇರಲಿಲ್ಲ. ಆ ಸುದ್ದಿಯನ್ನು ಪುಟದಲ್ಲಿ ಹುಡುಕಿದೆ. ಇರಲಿಲ್ಲ. ಆಗ ನೆನಪಾಯಿತು. ನಾಲ್ಕು ಸಾಲಿನ ಸುದ್ದಿ ಅದು. ಜಾಗ ಇಲ್ಲ ಅಂತ ನಾನೇ ತೆಗೆದಿದ್ದೆ.

ಸರ್ ಏನೂ ಅನ್ನಲಿಲ್ಲ. ನ್ಯೂಸ್‌ಪ್ರಿಂಟ್ ಚೂರು ನನ್ನ ಕೈಗೆ ಕೊಟ್ಟು, "ಮೊದಲ ಟೇಬಲ್ ನೋಡು, ಆಮ್ಯಾಲ ಕಥಿ ಬರಿ" ಅಂದು ಚಹಾಕ್ಕೆ ಎದ್ದರು. ಬಾಗಿಲಲ್ಲಿ ನಿಂತು ಮತ್ತೊಂದು ಮಾತು ಹೇಳಿದರು. "ಮತ್ತ ಇದನ್ನೂ ನಂಬಬ್ಯಾಡ. ಆಗಸ್ಟ್ ತಿಂಗಳಿನ ಒಂದ್ ಅಂಕಕ್ಕೂ ಇಷ್ಟ ಬೆಲಿ."

ಅಂದಿನಿಂದ ಅಂಕದ ಮೇಲೆ ಬೆರಳು ಇಟ್ಟು ಮುಚ್ಚಿ ನೋಡುವ ಚಟ ಹತ್ತಿತು. 2014ರಲ್ಲಿ ಸಂಡರ್ಲೆಂಡ್ ಆರು ಪಂದ್ಯ ಬಾಕಿ ಇದ್ದಾಗ ಉಳಿಯುವ ಜಾಗಕ್ಕಿಂತ 7 ಅಂಕ ಹಿಂದಿತ್ತು. ಮ್ಯಾಂಚೆಸ್ಟರ್ ಸಿಟಿಯಲ್ಲಿ 2–2 ಡ್ರಾ ಮಾಡಿತು. ಮೂರು ದಿನ ಬಿಟ್ಟು ಚೆಲ್ಸಿಯ ಮನೆಗೆ ಹೋಗಿ 2–1 ಗೆದ್ದಿತು. ಹೊಸೆ ಮೊರಿನ್ಯೊ ಚೆಲ್ಸಿ ಕೋಚ್ ಆಗಿ ಲೀಗ್‌ನಲ್ಲಿ ಮನೆಯಂಗಳದಲ್ಲಿ 77 ಪಂದ್ಯ ಸೋತಿರಲಿಲ್ಲ. ಆ ದಾಖಲೆ ಮುರಿದದ್ದೇ ಎಲ್ಲಾ ಕಡೆ ಹೆಡ್ಡಿಂಗ್. ನಾನು ಸಿಟಿಯ ಡ್ರಾ ಮೇಲೆ ಒಂದು ಬಾಕ್ಸ್ ಮಾಡಿದೆ. ಸಂಡರ್ಲೆಂಡ್ ಉಳಿಯಿತು, ಬಾಕ್ಸ್ ಚೆನ್ನಾಗಿದೆ ಅಂತ ನಾಲ್ಕು ಜನ ಹೇಳಿದರು. ಸ್ವಲ್ಪ ಸೊಕ್ಕು ಬಂತು ಅಂತಲೇ ಇಟ್ಟುಕೊಳ್ಳಿ.

ಆ ಸೊಕ್ಕು ಇಳಿದದ್ದು ಮರುವರ್ಷ. 2015ರ ಲೆಸ್ಟರ್. 29 ಪಂದ್ಯಗಳಿಂದ 19 ಅಂಕ, ಪಟ್ಟಿಯ ತಳದಲ್ಲಿ, ಉಳಿಯುವ ಜಾಗಕ್ಕೆ 7 ಅಂಕ ದೂರ. ಉಳಿದ 9ರಲ್ಲಿ 7 ಗೆದ್ದು, ಒಂದು ಡ್ರಾ, ಒಂದು ಸೋಲು. 41 ಅಂಕ, 14ನೇ ಸ್ಥಾನ. ಅದರ ಮುಂದಿನ ವರ್ಷ ಅವರೇ ಚಾಂಪಿಯನ್ ಆದರು, ಅದು ಎಲ್ಲರಿಗೂ ಗೊತ್ತು.

ಡೆಸ್ಕ್‌ಗೆ ಆಗ ಹೊಸದಾಗಿ ಒಬ್ಬ ಹುಡುಗಿ ಬಂದಿದ್ದಳು, ಗದಗ ಕಡೆಯವಳು. ಅವಳಿಗೆ ನಾನು ಜೋರಾಗಿ ಪಾಠ ಮಾಡಿದೆ. ಏಪ್ರಿಲ್ 4ರಂದು ವೆಸ್ಟ್ ಹ್ಯಾಮ್ ಮೇಲೆ 86ನೇ ನಿಮಿಷದಲ್ಲಿ ಆ್ಯಂಡಿ ಕಿಂಗ್ ಗೋಲು, ಅದೇ ತಿರುವು, ಬೆರಳು ಮುಚ್ಚಿ ನೋಡು ಅಂದೆ. ಅವಳು ಮುಚ್ಚಿ ನೋಡಿದಳು. "ಸರ್, ಎರಡು ಅಂಕ ಹೋದ್ರೂ 39 ಉಳೀತೈತಿ. 18ನೇ ಸ್ಥಾನದ ಹಲ್‌ಗೆ 35. ಏನೂ ಬದಲಾಗಲ್ಲಲ್ರೀ?"

ಸರಿಯಾಗೇ ಇತ್ತು. ಬರ್ನ್‌ಲಿ ಪಂದ್ಯದ್ದು ಹಿಡಿದೆ. ಅಲ್ಲಿ ಎದುರಾಳಿಯ ಪೆನಾಲ್ಟಿ ಕಂಬಕ್ಕೆ ಬಡಿದು, ಒಂದು ನಿಮಿಷದೊಳಗೆ ಇನ್ನೊಂದು ತುದಿಯಲ್ಲಿ ಜೇಮಿ ವಾರ್ಡಿ ಗೋಲು ಹೊಡೆದಿದ್ದ. ಲೆಸ್ಟರ್ 1–0 ಗೆದ್ದಿತ್ತು. ಅದನ್ನು ಮುಚ್ಚಿದರೂ ಲೆಸ್ಟರ್ ಉಳಿಯುತ್ತೆ. ನನ್ನ ಹೆಬ್ಬೆರಳು ಅಲ್ಲಿ ಕೆಲಸ ಮಾಡಲಿಲ್ಲ.

ಅವಳು ಹಿಂದಕ್ಕೆ ಹೋದಳು. ಮಾರ್ಚ್ 21ರಂದು ಟಾಟನ್‌ಹ್ಯಾಮ್‌ನಲ್ಲಿ ಲೆಸ್ಟರ್ 3–4ರಿಂದ ಸೋತ ಪಂದ್ಯ ತೆಗೆದಳು. ಸೋಲಿನಲ್ಲಿ ಏನಿದೆ ಅಂದೆ. ತಳದಲ್ಲಿರುವ ತಂಡ ದೊಡ್ಡ ತಂಡದ ಮನೆಗೆ ಹೋಗಿ ಮೂರು ಗೋಲು ಹೊಡೆದಿದೆಯಲ್ಲ ಅಂದಳು. ಚಳಿಗಾಲದಲ್ಲಿ ಸ್ಟೋಕ್‌ನಿಂದ ಸಾಲವಾಗಿ ತಂದ ರಾಬರ್ಟ್ ಹುಟ್, ಹಿಂದೆ ಮೂವರು ಡಿಫೆಂಡರ್‌ಗಳನ್ನು ನಿಲ್ಲಿಸಿ ಆಡುವ ಪದ್ಧತಿ, ಎಲ್ಲಾ ಹೇಳಿದಳು. ಇನ್ನೊಂದನ್ನೂ ಹೇಳಿದಳು, ಅದು ನನಗೆ ಹೊಳೆದೇ ಇರಲಿಲ್ಲ. ಅಷ್ಟೆಲ್ಲ ಸೋಲಿನ ನಡುವೆ, ಅಷ್ಟೊಂದು ಗಲಾಟೆಯ ನಡುವೆ, ಮಾಲೀಕರು ಕೋಚ್ ನೈಜೆಲ್ ಪಿಯರ್ಸನ್ ಅವರನ್ನು ಸೀಸನ್ ಮುಗಿಯುವವರೆಗೆ ತೆಗೆಯಲಿಲ್ಲ. ವೆಸ್ಟ್ ಬ್ರಾಮ್, ಸಂಡರ್ಲೆಂಡ್ ಎರಡೂ ಅದೇ ಸೀಸನ್ನಿನ ಮಧ್ಯೆ ಕೋಚ್ ಬದಲಿಸಿದ್ದವು. ಇವರು ಬದಲಿಸಲಿಲ್ಲ. ಆಗದೇ ಇದ್ದದ್ದನ್ನು ಯಾವ ಏಜೆನ್ಸಿಯೂ ಕಳಿಸಲ್ಲ, ಅಲ್ವಾ? ಆ ಬಾಕ್ಸ್ ಅವಳ ಹೆಸರಿನಲ್ಲೇ ಹೋಯಿತು.

ಆಮೇಲೆ 2023. ಮೇ 28, ಭಾನುವಾರ. ಅಹಮದಾಬಾದ್‌ನಲ್ಲಿ ಐಪಿಎಲ್ ಫೈನಲ್. ಪುಟದ ಮುಕ್ಕಾಲು ಭಾಗ ಅದಕ್ಕೇ ಇಟ್ಟಿದ್ದೆವು. ಮಳೆ ಹೊಡೆಯಿತು. ಪಂದ್ಯ ಮರುದಿನಕ್ಕೆ ಹೋಯಿತು. ರಾತ್ರಿ 11ರ ಹೊತ್ತಿಗೆ ಸಿಟಿ ಎಡಿಷನ್ನಿನಲ್ಲಿ ಇಷ್ಟಗಲ ತೂತು. ಅದೇ ರಾತ್ರಿ ಪ್ರೀಮಿಯರ್ ಲೀಗ್‌ನ ಕೊನೆಯ ದಿನ. ಲೆಸ್ಟರ್ ವೆಸ್ಟ್ ಹ್ಯಾಮ್ ಮೇಲೆ 2–1 ಗೆದ್ದರೂ ಮುಳುಗಿತು. ಎವರ್ಟನ್ 1–0 ಗೆದ್ದು 36 ಅಂಕದಲ್ಲಿ ಉಳಿಯಿತು. ಲೆಸ್ಟರ್‌ಗೆ 34. ವೆಸ್ಟ್ ಬ್ರಾಮ್ 2005ರಲ್ಲಿ ಉಳಿದದ್ದೂ 34ಕ್ಕೇ.

ಈ ಸಲ ಬೆರಳು ಕೆಲಸ ಮಾಡಿತು. ಮೇ 1ರಂದು ಲೆಸ್ಟರ್, ಎವರ್ಟನ್ ಎರಡೂ ಲೆಸ್ಟರ್‌ನಲ್ಲಿ ಆಡಿ 2–2 ಮಾಡಿಕೊಂಡಿದ್ದವು. ಅದನ್ನು ಲೆಸ್ಟರ್ ಗೆದ್ದಿದ್ದರೆ ಲೆಸ್ಟರ್ 36, ಎವರ್ಟನ್ 35. ಆ ಪಂದ್ಯದಲ್ಲಿ ಲೆಸ್ಟರ್ 2–1 ಮುಂದಿದ್ದಾಗ, ವಿರಾಮಕ್ಕೆ ಸ್ವಲ್ಪ ಮುಂಚೆ, ಅವರಿಗೆ ಪೆನಾಲ್ಟಿ ಸಿಕ್ಕಿತ್ತು. ಜೇಮ್ಸ್ ಮ್ಯಾಡಿಸನ್ ನಡುವೆ ಹೊಡೆದ. ಕೀಪರ್ ಜೋರ್ಡನ್ ಪಿಕ್‌ಫರ್ಡ್ ಎತ್ತಲೂ ಹಾರದೆ ನಿಂತಲ್ಲೇ ನಿಂತು ತಡೆದ. ಅವನ ನೀರಿನ ಬಾಟಲಿ ಮೇಲೆ ಒಂದು ಪಟ್ಟಿ ಅಂಟಿಸಿತ್ತು. ಲೆಸ್ಟರ್‌ನಲ್ಲಿ ಯಾರು ಪೆನಾಲ್ಟಿ ಹೊಡೆದರೆ ಏನು ಮಾಡಬೇಕು ಅಂತ. ಆ ಪಟ್ಟಿ ಮಾಡಿದವನು ಮೈದಾನಕ್ಕಿಳಿಯುವವನಲ್ಲ. ನಮ್ಮ ಹಾಗೆ ಎಲ್ಲೋ ಒಂದು ಮೇಜಿನ ಮುಂದೆ ಹಳೆಯ ಪಂದ್ಯ ನೋಡುತ್ತಾ ಕೂತವನೇ ಇರಬೇಕು. ಅವನ ಬಗ್ಗೆ ಬರೆಯುವಾಗ ನನಗೆ ಬೇರೆ ಥರ ಖುಷಿ ಆಯಿತು.

ಬಾಟಲಿಯದ್ದೇ ಹೆಡ್ಡಿಂಗ್ ಮಾಡಿ, ಕೆಳಗೆ ಕೊನೆಯ ನಾಲ್ಕು ತಂಡಗಳ ಅಂಕಪಟ್ಟಿ ಹಾಕಿ ಪುಟ ಬಿಟ್ಟೆ. ಅವತ್ತು ಚಹಾಕ್ಕೆ ಇಳಿಯಲಿಲ್ಲ. ಪ್ಲೇಟ್ ಹೋಗುವವರೆಗೆ ಅಲ್ಲೇ ಕೂತಿದ್ದೆ.

ಬೆಳಿಗ್ಗೆ ಆರೂವರೆಗೆ ಫೋನ್. ಸರ್ ನಿವೃತ್ತರಾಗಿ ಎಷ್ಟೋ ವರ್ಷ ಆಗಿದೆ, ಧಾರವಾಡದಲ್ಲೇ ಇದ್ದಾರೆ, ಈಗಲೂ ಪೇಪರ್ ಹಿಂದಿನಿಂದ ಶುರು ಮಾಡುತ್ತಾರೆ.

"ಓದಿದ್ನೋ. ಬಾಟ್ಲಿದು ಛಲೋ ಐತಿ."

"ಥ್ಯಾಂಕ್ಸ್ ರೀ ಸರ್."

"ಕೆಳಗ ಟೇಬಲ್ಲಿನ್ಯಾಗ ಲೀಡ್ಸ್‌ಗೆ 13 ಅಂಕ ಕೊಟ್ಟೀ. ಮೂವತ್ತೊಂದು ಇರಬೇಕಲ್ಲ?"