ಕೆಂಪು ಚೀಲದೊಳಗಿನ ಸೂಜಿ

ಆಸ್ಪತ್ರೆಯಲ್ಲಿ ಕೈತಪ್ಪಿ ಸೂಜಿ ಚುಚ್ಚಿಸಿಕೊಳ್ಳುವವರು ಅಂದ್ರೆ ನರ್ಸ್, ಡಾಕ್ಟರ್ ಅಂತಲೇ ಎಲ್ಲರ ಲೆಕ್ಕ. ನಮಗೆ ಚುಚ್ಚುವುದಿಲ್ಲ ಅಂತಲ್ಲ. ಆದರೆ ನಮಗೆ ಚುಚ್ಚಿದಾಗ ಅದು ಯಾರ ಸೂಜಿ ಅಂತ ಸಾಮಾನ್ಯವಾಗಿ ಗೊತ್ತಿರುತ್ತದೆ. ರೋಗಿ ಎದುರಿಗೇ ಮಲಗಿರುತ್ತಾರೆ, ಅವರ ರಕ್ತ ಪರೀಕ್ಷೆ ಮಾಡಿಸಬಹುದು. ಕಸದ ಚೀಲದಿಂದ ಚುಚ್ಚಿಸಿಕೊಂಡವರಿಗೆ ಆ ಅನುಕೂಲ ಇಲ್ಲ.

ನಾನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಇದು ಒಂದು ಮಳೆಗಾಲದಲ್ಲಿ ನಡೆದದ್ದು. ಡೆಂಗಿ ಜೋರಾಗಿತ್ತು, ಮೆಡಿಕಲ್ ವಾರ್ಡ್ ತುಂಬಿ ತುಳುಕುತ್ತಿತ್ತು. ನೈಟ್ ಡ್ಯೂಟಿ ಮುಗಿಯುವ ಹೊತ್ತು, ಬೆಳಗಿನ ಬ್ಲಡ್ ಸ್ಯಾಂಪಲ್ ತೆಗೆದು ಹ್ಯಾಂಡ್‌ಓವರ್ ಬರೆಯುತ್ತಿದ್ದೆ. ಹೌಸ್‌ಕೀಪಿಂಗ್ ಅಕ್ಕ ಬಂದು ನಿಂತರು. ಹೆಸರು ಬೇಡ, ಇನ್ನೂ ಅದೇ ಕೆಲಸದಲ್ಲಿದ್ದಾರೆ. ಮಾಗಡಿ ಕಡೆಯವರು.

"ಸಿಸ್ಟರ್, ವಸಿ ಸ್ಪಿರಿಟ್ ಹತ್ತಿ ಕೊಡಿ."

"ಯಾಕಕ್ಕ, ಏನಾಯ್ತು?"

"ಏನಿಲ್ಲ ಬುಡಿ, ವಸಿ ಚುಚ್ಕಂತು."

ಗ್ಲೌಸ್ ತೆಗೆಸಿ ನೋಡಿದೆ. ಅಂಗೈಯಲ್ಲಿ ಹೆಬ್ಬೆರಳಿನ ಬುಡಕ್ಕೆ ಒಂದು ಚುಕ್ಕೆ ರಕ್ತ. ಅವರು ಅದನ್ನು ಹಿಂಡಿ ಹಿಂಡಿ ಕೆಂಪು ಮಾಡಿಕೊಂಡಿದ್ದರು. ಹಿಂಡಬಾರದು, ಬಾಯಲ್ಲಿ ಚೀಪಬಾರದು, ಸ್ಪಿರಿಟ್ ಕೂಡ ಬೇಡ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು, ಅಷ್ಟೇ. ಕೈ ಹಿಡಿದು ಸಿಂಕಿನ ಹತ್ತಿರ ಕರೆದುಕೊಂಡು ಹೋದೆ. ಅಷ್ಟೂ ಹೊತ್ತು ಅಕ್ಕ ಹೇಳಿದ್ದು ಒಂದೇ ಮಾತು: "ಸೂಪರ್‌ವೈಸರ್‌ಗೆ ಹೇಳ್ಬೇಡಿ ಸಿಸ್ಟರ್."

ಚುಚ್ಚಿದ್ದು ಇನ್ಸುಲಿನ್ ಸಿರಿಂಜ್. ಇದರ ಹಿಂದೆ ಒಂದು ಸಣ್ಣ ಎಡವಟ್ಟಿದೆ. ಮಾಮೂಲಿ ಸಿರಿಂಜ್ ಆದರೆ ಸೂಜಿಯನ್ನು ಕಟರ್‌ನಲ್ಲಿ ಕತ್ತರಿಸಿ, ಉಳಿದ ಪ್ಲಾಸ್ಟಿಕ್ಕನ್ನು ಕೆಂಪು ಚೀಲಕ್ಕೆ ಹಾಕುತ್ತೇವೆ. ಇನ್ಸುಲಿನ್ ಸಿರಿಂಜ್‌ನಲ್ಲಿ ಸೂಜಿ ಸಿರಿಂಜಿಗೇ ಅಂಟಿಕೊಂಡಿರುತ್ತದೆ. ಅದು ಇಡಿಯಾಗಿ, ಚೂಪಾದ ವಸ್ತುಗಳಿಗೆಂದೇ ಇಟ್ಟಿರುವ ಗಟ್ಟಿ ಬಿಳಿ ಡಬ್ಬಕ್ಕೆ ಹೋಗಬೇಕು. ಆದರೆ ಸಿರಿಂಜ್ ಅಂದ ತಕ್ಷಣ ಕೈ ತಾನಾಗಿಯೇ ಕೆಂಪು ಚೀಲದ ಕಡೆ ಹೋಗುತ್ತದೆ. ಬಿಡುವಿಲ್ಲದ ರಾತ್ರಿಯಲ್ಲಂತೂ ಇದು ಆಗೇ ಆಗುತ್ತದೆ. ಶುಗರ್ ಇದ್ದ ರೋಗಿಗಳು ವಾರ್ಡಿನ ತುಂಬ ಇದ್ದರು. ಅದು ಯಾರದು ಅಂತ ಹುಡುಕುವುದು ಹೇಗೆ?

ಇನ್ನೊಂದು ಕಾರಣವನ್ನು ಅಕ್ಕನೇ ಹೇಳಿದರು. ಚೀಲ ಮುಕ್ಕಾಲು ತುಂಬಿದ ಮೇಲೆ ಕಟ್ಟಬೇಕು ಅನ್ನೋದು ನಮಗೆ ಪ್ರತಿ ಟ್ರೈನಿಂಗ್‌ನಲ್ಲೂ ಹೇಳುವ ಮಾತು. ಆದರೆ ಸೂಪರ್‌ವೈಸರ್ ಚೀಲಗಳನ್ನು ಎಣಿಸಿ ಕೊಡುತ್ತಾರೆ. ಜಾಸ್ತಿ ಕೇಳಿದರೆ ಬೈಗುಳ. ಹಾಗಾಗಿ ಕೈಯಿಂದ ಒತ್ತಿ ಒತ್ತಿ ತುಂಬಿಸುತ್ತಾರೆ. ಹಾಕಿಕೊಂಡಿರೋದು ನಾವು ಬಳಸುವ ತೆಳ್ಳನೆ ಗ್ಲೌಸ್. ದಪ್ಪ ರಬ್ಬರ್ ಗ್ಲೌಸ್ ಇದೆ, ಇಬ್ಬರಿಗೆ ಒಂದು ಜೊತೆ, ಒಳಗೆಲ್ಲ ಒದ್ದೆ. ಇಷ್ಟಾದ ಮೇಲೆ "ಅವರಿಗೆ ಜಾಗ್ರತೆ ಸಾಲದು" ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿದೆ. ಸೂಪರ್‌ವೈಸರ್‌ಗೆ ಹೇಳದೆ ವಿಧಿ ಇರಲಿಲ್ಲ, ರಿಜಿಸ್ಟರ್‌ನಲ್ಲಿ ಬರೆಯಬೇಕಿತ್ತು. ಸೂಪರ್‌ವೈಸರ್ ಫೋನಿನಲ್ಲೇ ತೀರ್ಪು ಕೊಟ್ಟರು: "ನಮ್ ಏಜೆನ್ಸಿಯವ್ರಿಗೆಲ್ಲ ಇಎಸ್‌ಐ ಇದೆ ಮೇಡಂ, ರಾಜಾಜಿನಗರಕ್ಕೆ ಕಳಿಸಿ." ಇಎಸ್‌ಐ ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಅದರ ಆಸ್ಪತ್ರೆ ರಾಜಾಜಿನಗರದಲ್ಲಿದೆ. ಅದು ಇರೋದು ಒಳ್ಳೇದೇ. ಕೆಲಸದಲ್ಲಿ ಆದ ಗಾಯ ಅಂತ ಮುಂದೆ ಅಲ್ಲಿ ಪರಿಹಾರ ಕೇಳಲೂಬಹುದು. ಆದರೆ ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಚೆನ್ನ, 72 ಗಂಟೆ ದಾಟಿದರೆ ಕೊಟ್ಟು ಪ್ರಯೋಜನ ಇಲ್ಲ. ಆ ಮಾತ್ರೆ ನಮ್ಮ ಕ್ಯಾಶುವಾಲ್ಟಿಯ ಕಪಾಟಿನಲ್ಲೇ ಇರುವಾಗ ಇವರನ್ನು ಬಸ್ ಹತ್ತಿಸೋದಾ?

ಡಾಕ್ಟರ್ ಒಳ್ಳೆಯವರು. ಕೂರಿಸಿಕೊಂಡು ಬಿಡಿಸಿ ಹೇಳಿದರು. ಎಚ್‌ಐವಿ ಇರುವವರ ಸೂಜಿಯೇ ಚುಚ್ಚಿದರೂ ಸೋಂಕು ಹತ್ತುವುದು ಸಾವಿರಕ್ಕೆ ಸುಮಾರು 3 ಸಲ. ಇಲ್ಲಿ ಯಾರ ಸೂಜಿ ಅಂತಲೇ ಗೊತ್ತಿಲ್ಲ, ಆದರೂ ಮಾತ್ರೆ ತಗೊಳ್ಳೋದು ಕ್ಷೇಮ. ಆಮೇಲೆ ಕೇಳಿದರು, "ಹೆಪಟೈಟಿಸ್ ಬಿ ಇಂಜೆಕ್ಷನ್ ಆಗಿದೆಯಾ ಅಮ್ಮ?" ಅಕ್ಕ ನನ್ನ ಮುಖ ನೋಡಿದರು. ರಕ್ತದಿಂದ ಹರಡಿ ಲಿವರ್‌ಗೆ ತಗಲುವ ಈ ಸೋಂಕಿನ ಹೆಸರನ್ನೇ ಅವರು ಕೇಳಿರಲಿಲ್ಲ.

ನನಗೆ ನಿಜವಾದ ಭಯ ಆಗಿದ್ದು ಆಗಲೇ. ಎಲ್ಲರೂ ಹೆದರುವುದು ಎಚ್‌ಐವಿಗೆ. ಆದರೆ ಲಸಿಕೆ ಆಗದವರಿಗೆ ಹೆಪಟೈಟಿಸ್ ಬಿ ಇರುವವರ ಸೂಜಿ ಚುಚ್ಚಿದರೆ ಸೋಂಕು ಹತ್ತುವ ಸಂಭವ ನೂರಕ್ಕೆ 30ರವರೆಗೂ ಹೋಗಬಹುದು. ಲಸಿಕೆ ಅಗ್ಗದ್ದು, ಹಳೆಯದು, ಮೂರು ಡೋಸ್ ಅಷ್ಟೇ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮದಲ್ಲಿ ಈ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಆಸ್ಪತ್ರೆಯೇ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಹಾಕಿಸಬೇಕು, ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸಬೇಕು ಅಂತ ಇದೆ. ನಮ್ಮವರು, ಏಜೆನ್ಸಿಯವರು ಅನ್ನುವ ಭೇದ ಅದರಲ್ಲಿ ಇಲ್ಲ. ಅದೇ ನಿಯಮದಲ್ಲಿ ಇನ್ನೊಂದು ವಿಚಿತ್ರವೂ ಇದೆ. ತ್ಯಾಜ್ಯದ ಲಾರಿ ಮಗುಚಿದರೆ ದೊಡ್ಡ ಅಪಘಾತ, 24 ಗಂಟೆಯೊಳಗೆ ವರದಿ ಕೊಡಬೇಕು. ಸೂಜಿ ಚುಚ್ಚಿದ್ದನ್ನು ಆ ಪಟ್ಟಿಯಿಂದ ಹೊರಗಿಟ್ಟು ವಾರ್ಷಿಕ ವರದಿಗೆ ಬಿಟ್ಟಿದ್ದಾರೆ. ಹೇಳಿದರೆ ತಾನೇ ಅಲ್ಲಿಗಾದರೂ ಸೇರೋದು!

ರಕ್ತ ತೆಗೆದರು, ಲಸಿಕೆಯ ಮೊದಲ ಡೋಸ್ ಹಾಕಿದರು, ಮಾತ್ರೆಯ ಡಬ್ಬಿ ಕೊಟ್ಟರು. ದಿನಕ್ಕೆ ಒಂದರಂತೆ 28 ದಿನ.

ಮಾರನೇ ದಿನ ಅಕ್ಕ ಡಬ್ಬಿ ವಾಪಸ್ ತಂದರು. ಬೇಡ ಅಂತ ಅಲ್ಲ. ಮನೆಯಲ್ಲಿ ಗಂಡ ನೋಡಿದರೆ, ಮೆಡಿಕಲ್ ಶಾಪಿನವರಿಗೆ ತೋರಿಸಿ ಯಾವುದರ ಮಾತ್ರೆ ಅಂತ ಕೇಳಿದರೆ? "ನಾನು ಕಸ ಎತ್ತಿ ಚುಚ್ಚಿಸ್ಕಂಡೆ ಅಂದ್ರೆ ಯಾರು ನಂಬ್ತಾರೆ ಸಿಸ್ಟರ್?" ಡಬ್ಬಿ ನನ್ನ ಲಾಕರ್ ಸೇರಿತು. ನಮ್ಮ ಶಿಫ್ಟ್ ಬೇರೆಯಾದಾಗ ಕೀ ಇನ್ನೊಬ್ಬ ಸಿಸ್ಟರ್ ಹತ್ತಿರ. ವಾರದ ರಜೆಗೆ ಒಂದು ಮಾತ್ರೆ ಕಾಗದದಲ್ಲಿ ಸುತ್ತಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರು. ವಾಂತಿ ಬಂದ ಹಾಗೆ ಆಗುತ್ತೆ ಅನ್ನುತ್ತಿದ್ದರು, ಆದರೆ ಬಿಡಲಿಲ್ಲ. ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಮಾಡಿಸಿದ ಪರೀಕ್ಷೆಗಳಲ್ಲಿ ಏನೂ ಬರಲಿಲ್ಲ. ಮೂರೂ ಡೋಸ್ ಲಸಿಕೆಯೂ ಆಯಿತು.

ಇದಾದ ಮೇಲೆ ನಮ್ಮ ಇನ್‌ಫೆಕ್ಷನ್ ಕಂಟ್ರೋಲ್ ಸಿಸ್ಟರ್ ಹಟ ಹಿಡಿದು ಹೌಸ್‌ಕೀಪಿಂಗ್‌ನವರಿಗೆಲ್ಲ ಲಸಿಕೆ ಶುರು ಮಾಡಿಸಿದರು. ದುಡ್ಡು ಯಾರು ಕೊಡಬೇಕು ಅಂತ ಆಡಳಿತಕ್ಕೂ ಏಜೆನ್ಸಿಗೂ ಒಂದಷ್ಟು ಎಳೆದಾಟ ನಡೆದು, ಕೊನೆಗೆ ಆಸ್ಪತ್ರೆಯೇ ಕೊಟ್ಟಿತು. ಇನ್ಸುಲಿನ್ ಟ್ರೇ ಪಕ್ಕದಲ್ಲೇ ಒಂದು ಸಣ್ಣ ಬಿಳಿ ಡಬ್ಬ ಬಂತು. ಇದರಿಂದ ನಿಜಕ್ಕೂ ಉಪಯೋಗ ಆಗಿದೆ. ಚೀಲ ಮಾತ್ರ ಈಗಲೂ ಎಣಿಸಿಯೇ ಕೊಡುತ್ತಾರೆ.

ಏಪ್ರಿಲ್‌ನಲ್ಲಿ ಏಜೆನ್ಸಿಯ ಗುತ್ತಿಗೆ ಬದಲಾಯಿತು. ಅಕ್ಕನಂಥ ಕೆಲವರನ್ನು ಹೊಸಬರು ಉಳಿಸಿಕೊಂಡರು, ಮಿಕ್ಕವರು ಹೋದರು. ಅವರಲ್ಲಿ ಕೆಲವರಿಗೆ ಎರಡು ಡೋಸ್ ಆಗಿತ್ತು. ಮೂರನೆಯದು ಬೀಳುವುದು ಮೊದಲನೆಯದರಿಂದ ಆರು ತಿಂಗಳಿಗೆ, ಅಷ್ಟರಲ್ಲಿ ಅವರು ಯಾವ ಆಸ್ಪತ್ರೆಯಲ್ಲಿದ್ದಾರೋ. ಸಿಸ್ಟರ್ ಪ್ರತಿಯೊಬ್ಬರ ನಂಬರಿಗೂ ಫೋನ್ ಮಾಡುತ್ತಿದ್ದಾರೆ. ಅರ್ಧ ನಂಬರ್ ಹೋಗುತ್ತಿಲ್ಲ. ಹೊಸದಾಗಿ ಬಂದ ಹೆಣ್ಣುಮಕ್ಕಳ ಪಟ್ಟಿ ಅವರ ಟೇಬಲ್ ಮೇಲಿದೆ, ಲಸಿಕೆಯ ಕಾಲಂ ಪೂರ್ತಿ ಖಾಲಿ.